ಮರೆಗುಳಿ ಮಾವನ ಎಡಗಡೆ

ಮರೆಗುಳಿ ಮಾವ ಚುನಾವಣೆಗೆ ನಿಂತರೆ ಜನ ಓಟು ಹಾಕುತ್ತಾರೋ ಇಲ್ಲವೋ ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತ್ತು. ಕ್ಷೌರದಂಗಡಿಯಲ್ಲಿ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದವರಿಗೂ ಅದೇ ಪ್ರಶ್ನೆ. ಪಾಪ, ಅವರು ಉತ್ತರ ಹೇಳುವುದಾದರೂ ಹೇಗೆ? ಆದರೆ ಅವನ ಸ್ವಂತ ಅಕ್ಕ ಯಾರಿಗೆ ಹಾಕುತ್ತಾಳೆ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದೇನು ಬಂತು, ಒಡಹುಟ್ಟಿದವಳು, ಕಣ್ಣು ಮುಚ್ಚಿಕೊಂಡು ತಮ್ಮನಿಗೇ ಒತ್ತುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅಂದುಕೊಳ್ಳುವುದಕ್ಕೇನು, ತೆರಿಗೆಯೇ? ಅಕ್ಕನಿಗೆ ಮಾತ್ರ ಆ ವಿಚಾರ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೊದಲು ಮಾವ ಯಾರು ಎಂದು ಹೇಳಿಬಿಡುತ್ತೇನೆ. ಪ್ರತಿ ವಾರ ಟಿವಿಯಲ್ಲಿ ಬರುವ ನಗೆನಾಟಕದಲ್ಲಿ ಎಲ್ಲವನ್ನೂ ಮರೆಯುವ ಸೋದರಮಾವನ ಪಾತ್ರ ಅವನದು. ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವವನು. ತಂಗಿಯ ಮಗುವನ್ನು ಶಾಲೆಯಿಂದ ಕರೆತರಲು ಹೋಗಿ, ಯಾರದೋ ಮಗುವನ್ನು ಕರೆತಂದು, ಊಟಕ್ಕೆ ಕೂರಿಸಿ, ಇನ್ನೊಂದು ತುತ್ತು ತಿನ್ನು ಎಂದು ರಮಿಸುವವನು. ಒಂದು ತಲೆಮಾರಿನ ಮಕ್ಕಳು ಅವನನ್ನು ನೋಡುತ್ತಾ ತುತ್ತು ನುಂಗಿ ದೊಡ್ಡವರಾಗಿದ್ದಾರೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಮಾವನೇ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, 'ಮರೆತೇ ಹೋಯ್ತು' ಎನ್ನುತ್ತಿದ್ದ.

ಟಿವಿಗೆ ಬರುವ ಮೊದಲು ಅವನು ನಾಟಕ ಕಂಪನಿಯಲ್ಲಿದ್ದ. ಅಕ್ಕನೂ ಅಲ್ಲೇ ಇದ್ದಳು, ಆದರೆ ಜನರಿಗೆ ಕಾಣುವ ಕಡೆ ಅಲ್ಲ. ರಂಗದ ಎಡಗಡೆಯ ಪರದೆಯ ಮರೆಯಲ್ಲಿ ಒಂದು ಮಣೆ, ಮಂಕು ದೀಪ, ತೊಡೆಯ ಮೇಲೆ ನಾಟಕದ ಪ್ರತಿ. ನಟರು ಮಾತು ಮರೆತಾಗ ಮೊದಲ ಎರಡು ಪದ ಪಿಸುಗುಟ್ಟಿ ಎತ್ತಿಕೊಡುವ ಪ್ರಾಂಪ್ಟರ್ ಅವಳು. ಎರಡೇ ಪದ, ಹಗ್ಗದ ತುದಿ ಎಳೆದರೆ ಹಸು ತಾನೇ ಎದ್ದು ಬರಬೇಕು. ತಮ್ಮ ಟಿವಿಗೆ ಹೋದಾಗ, ಅಕ್ಕ ಇಲ್ಲದಿದ್ದರೆ ನಾನೂ ಇಲ್ಲ ಎಂದು ಹಟ ಹಿಡಿದ. ಹಾಗಾಗಿ ಅಲ್ಲಿಯೂ ಕ್ಯಾಮೆರಾಗೆ ಕಾಣದಂತೆ, ಅವನ ಎಡಕ್ಕೆ, ಅವಳಿಗೊಂದು ಕುರ್ಚಿ ಬಂತು. ಲೋಕವೆಲ್ಲ ಮಾವನ ಮುಖವನ್ನು ಎದುರಿನಿಂದ ನೋಡಿದರೆ, ಅಕ್ಕ ಆಯುಷ್ಯವೆಲ್ಲ ನೋಡಿದ್ದು ಅವನ ಎಡಗೆನ್ನೆಯನ್ನು.

ಆ ಕೆಲಸಕ್ಕೆ ಎರಡು ಕಟ್ಟುಪಾಡುಗಳಿದ್ದವು, ಕಂಪನಿಯ ಯಜಮಾನರು ಮೊದಲ ದಿನವೇ ಹೇಳಿಕೊಟ್ಟಿದ್ದು. ನಗಬಾರದು, ನಕ್ಕರೆ ಕಣ್ಣು ಪುಟದಿಂದ ಜಾರುತ್ತದೆ. ಮತ್ತು ಸ್ವಂತ ಮಾತು ಆಡಬಾರದು. ಮೊದಲನೆಯದನ್ನು ಅಕ್ಕ ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, 'ಊರೆಲ್ಲ ನಗುತ್ತೆ, ನನ್ನ ಒಡಹುಟ್ಟಿದವಳ ಮುಖ ಮಾತ್ರ ಬೀಗ ಹಾಕಿದ ಬಾಗಿಲು' ಎಂದು ತಮ್ಮ ಮುನಿಸಿಕೊಳ್ಳುತ್ತಿದ್ದ. ಎರಡನೆಯದನ್ನು ಒಮ್ಮೆ, ಒಂದೇ ಒಂದು ಸಲ, ಮುರಿದಿದ್ದಳು.

ಆಗ ತಮ್ಮನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ರಾಜನಿಗೆ ಯುದ್ಧದ ಸುದ್ದಿ ತರುವ ದೂತನ ಪಾತ್ರ. ಓಡಿ ಬಂದ, ಕೈ ಮುಗಿದ, ಮಾತು ಮರೆತ. ಅಕ್ಕ ಎತ್ತಿಕೊಡಬೇಕು, ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಒಲೆಯ ಮೇಲಿದ್ದ ಹಾಲು ಬುಸ್ಸೆಂದು ಮೇಲೆದ್ದಿತು. ಚಹಾ ಕಾಸುವವಳ ಕಡೆ ತಿರುಗಿ ಅಕ್ಕ ಪಿಸುಗುಟ್ಟಿದಳು. ತಮ್ಮ ಅದನ್ನೇ ಹಿಡಿದುಕೊಂಡು, ಎದೆ ಉಬ್ಬಿಸಿ, ಸಿಂಹಾಸನದ ಮುಂದೆ ಗುಡುಗಿದ: "ಮಹಾಪ್ರಭು, ಹಾಲು ಉಕ್ತಾ ಇದೆ ನೋಡೇ!" ಜನ ಕುರ್ಚಿಯಿಂದ ಉರುಳಿ ಉರುಳಿ ನಕ್ಕರು. ರಾಜನ ಕಿರೀಟ ಜಾರಿ ಮೂಗಿನ ಮೇಲೆ ಕೂತಿತು. ಯಜಮಾನರು ಅಕ್ಕನಿಗೆ ಚೆನ್ನಾಗಿ ಉಗಿದು, ಮಾರನೆಯ ದಿನದಿಂದಲೇ ತಮ್ಮನಿಗೆ ಹಾಸ್ಯದ ಪಾತ್ರ ಕೊಟ್ಟರು. ಅಂದರೆ ಮರೆಗುಳಿ ಮಾವ ಹುಟ್ಟಿದ್ದು ಅಕ್ಕನ ಬಾಯಿಂದ ಜಾರಿದ ಮಾತಿನಿಂದ. ಎಡಗಡೆಯಿಂದ ಏನು ಬಂದರೂ ಹಿಂದು ಮುಂದು ನೋಡದೆ ಆಡಿಬಿಡುವ ಚಾಳಿಯನ್ನು ಅವನು ಆಮೇಲೂ ಬಿಡಲಿಲ್ಲ, ಅಕ್ಕ ಸ್ವಂತ ಮಾತನ್ನು ಮತ್ತೆ ಆಡಲಿಲ್ಲ.

ಮಾತು ಎತ್ತಿಕೊಡುವವರಿಗೆ ಒಂದು ಸೂಕ್ಷ್ಮ ಗೊತ್ತಿರಬೇಕು. ನಟ ಸುಮ್ಮನಾದ ಮಾತ್ರಕ್ಕೆ ಮರೆತ ಎಂದಲ್ಲ. ಬೇಕೆಂದೇ ನಿಲ್ಲಿಸಿರುತ್ತಾನೆ, ಜನ ಬಾಯಿ ಬಿಟ್ಟು ಕಾಯಲಿ ಎಂದು. ಆಗ ಬಾಯಿ ಹಾಕಿದರೆ ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ತಮ್ಮನ ಮಟ್ಟಿಗೆ ಅಕ್ಕನ ಬಳಿ ಇದ್ದ ಗುರುತು ಬಹಳ ಸರಳ: ಆಟದ ಮೌನದಲ್ಲಿ ಅವನ ಕಣ್ಣು ಎದುರಿಗೆ ಜನರ ಮೇಲಿರುತ್ತಿತ್ತು, ನಿಜವಾಗಿ ಮರೆತಾಗ ಎಡಕ್ಕೆ, ಅವಳ ಕಡೆಗೆ ಹೊರಳುತ್ತಿತ್ತು.

ಹೋದ ವರ್ಷದಿಂದ ಆ ಕಣ್ಣು ಮೇಲಿಂದ ಮೇಲೆ ಎಡಕ್ಕೆ ಬರತೊಡಗಿತು. ಮೊದಮೊದಲು ಹೊಸ ಮಾತುಗಳಿಗೆ, ಆಮೇಲೆ ನೂರಾರು ಸಲ ಆಡಿದ ಮಾತುಗಳಿಗೆ. ಒಂದು ಸಂಜೆ ಮನೆಯ ಬೀದಿಯ ತಿರುವಿನಲ್ಲಿ ನಿಂತು, ಎಡವೋ ಬಲವೋ ಎಂದು ತಿಳಿಯದೆ ಅವಳ ಮುಖ ನೋಡಿದ. ಅಲ್ಲಿ ಕ್ಯಾಮೆರಾ ಇರಲಿಲ್ಲ. ಅಕ್ಕ ಬಲಕ್ಕೆ ಕೈ ತೋರಿಸಿದಳು.

ಕಣ್ಣು ತೋರಿಸಿಕೊಂಡು ಬರೋಣ ಎಂದು ನೆಪ ಹೇಳಿ ಡಾಕ್ಟರ ಬಳಿ ಕರೆದೊಯ್ದಳು. ಆ ಡಾಕ್ಟರೂ ಮಾವನ ಅಭಿಮಾನಿಯೇ. ಇದು ಯಾವ ತಿಂಗಳು ಎಂದು ಕೇಳಿದರು. ಮಾವ ಯೋಚಿಸಿದ, ಎಡಕ್ಕೆ ನೋಡಿದ, ಉತ್ತರ ಬರಲಿಲ್ಲ. ಡಾಕ್ಟರು ಮೇಜು ಬಡಿದು ನಕ್ಕರು. ಈಗಷ್ಟೇ ಹೇಳಿದ ಮೂರು ವಸ್ತುಗಳ ಹೆಸರು ಹೇಳಿ ಎಂದರು; ಅದಕ್ಕೂ ನಕ್ಕರು. ಗಡಿಯಾರದ ಚಿತ್ರ ಬರೆಸಿ ಆ ಹಾಳೆಯನ್ನು ಕೈಗೆತ್ತಿಕೊಂಡ ಮೇಲೆ ನಗಲಿಲ್ಲ. ಮೆಲ್ಲನೆ ಹೆಚ್ಚಾಗುವ ಕಾಯಿಲೆ, ಗುಣವಾಗುವುದಿಲ್ಲ, ಜೊತೆಗೆ ಯಾರಾದರೂ ಇರಬೇಕು ಎಂದು ಅಕ್ಕನನ್ನು ಬೇರೆ ಕೋಣೆಗೆ ಕರೆದು ಹೇಳಿದರು. ನಾನು ಜೊತೆಗೇ ಇದ್ದೇನೆ, ಹುಟ್ಟಿದಾಗಿನಿಂದ, ಎಂದು ಅಕ್ಕ ಅಂದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ತಮ್ಮ ಯಾವುದೋ ಮಗುವಿನ ಟೊಪ್ಪಿಯನ್ನು ತನ್ನದೆಂದು ತಲೆಗೆ ಹಾಕಿಕೊಳ್ಳುವ ಆಟ ಆಡುತ್ತಿದ್ದ; ಅವನ ಕಣ್ಣು ನೆಟ್ಟಗೆ ಮಗುವಿನ ಮೇಲಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು.

ಇಂಥ ಹೊತ್ತಿನಲ್ಲೇ ಪಕ್ಷದವರು ಬಾಗಿಲು ತಟ್ಟಿದ್ದು. ಪ್ರಚಾರ ನೋಡಿಕೊಳ್ಳುವವನು ಎರಡು ಕಿವಿಗೂ ಫೋನು ಹಿಡಿದೇ ಒಳಗೆ ಬಂದ. ಅಕ್ಕ ಅವನಿಗೆ ಅಂದೇ ಫೋನಣ್ಣ ಎಂದು ಹೆಸರಿಟ್ಟಳು. ಊರಿನ ಗೋಡೆಗೋಡೆಗೂ ಪರಿಚಯವಿರುವ ಮುಖ ಬೇಕು, ಸಾರ್ ಸುಮ್ಮನೆ ನಿಂತರೂ ಗೆದ್ದರು ಎಂದ. ಬೇಡ ಎನ್ನಲು ಅಕ್ಕ ಬಾಯಿ ತೆರೆದಳು. ಆದರೆ ತಮ್ಮನ ಮುಖ ಪಾಸಾದ ಮಗುವಿನ ಮುಖದ ಹಾಗೆ ಅರಳಿತ್ತು. ಕಾಯಿಲೆಯ ಮಾತನ್ನು ಅವಳು ಅವನಿಗೆ ಹೇಳಿರಲಿಲ್ಲವೆಂದಲ್ಲ. ಹೇಳಿದ್ದಳು, ಅವನು ತಲೆಯಾಡಿಸಿದ್ದ, ವಯಸ್ಸಾದ ಮೇಲೆ ಎಲ್ಲರೂ ಮರೆಯುತ್ತಾರೆ ಎಂದು ಬದಿಗಿಟ್ಟಿದ್ದ. ಅವನು ಒಪ್ಪಿಕೊಂಡ. ಅಕ್ಕ ಫೋನಣ್ಣನಿಗೆ ಚಹಾ ತರಲು ಒಳಗೆ ಹೋದಳು.

ಊರು ಎರಡು ಹೋಳಾಯಿತು. ಕೋಡಂಗಿಗೆ ಕುರ್ಚಿ ಕೊಟ್ಟರೆ ಆಳುವುದು ಯಾರು ಎಂದು ಒಂದು ಹೋಳು. ಇಷ್ಟು ದಿನ ಆಳಿದವರೇನು ಕಡಿಮೆ ಕೋಡಂಗಿಗಳೇ, ಇವನಾದರೂ ಬಣ್ಣ ಹಚ್ಚಿಕೊಂಡೇ ಬರುತ್ತಾನೆ ಎಂದು ಇನ್ನೊಂದು ಹೋಳು. ಕ್ಷೌರದಂಗಡಿಯವನು ಮಾವನ ಕಡೆಯ ದೊಡ್ಡ ವಕೀಲ. ಬೇರೆಯವರು ಲೆಕ್ಕ ಹಾಕಿ ನಿಂತಿದ್ದಾರೆ, ಮಾವ ಮನಸ್ಸಿಟ್ಟು ನಿಂತಿದ್ದಾನೆ ಎನ್ನುತ್ತಿದ್ದ. ಅರ್ಧ ಗಡ್ಡ ಬೋಳಿಸಿಕೊಂಡು ಕೂತವರು ಎದುರು ಮಾತಾಡುವುದು ಹೇಗೆ? ಕತ್ತಿ ಅವನ ಕೈಯಲ್ಲಿತ್ತು. ಚುನಾವಣೆಯಲ್ಲಿ ಮಾವನ ಎದುರು ನಿಂತಿದ್ದವರು ಒಬ್ಬ ಒಣಕಲು ಮನುಷ್ಯ, ಹಳೆಯ ಮೇಷ್ಟ್ರು. ಅವರ ಭಾಷಣ ಕೇಳುತ್ತಾ ಜನ ಆಕಳಿಸುತ್ತಿದ್ದರು. ಮಾವನ ಸಭೆಗಳಿಗೆ ಮಾತ್ರ ಕಾಲಿಡಲು ಜಾಗವಿಲ್ಲ. ವೇದಿಕೆಯ ಎಡಕ್ಕೆ ಬಟ್ಟೆ ಕಟ್ಟಿ ಅಕ್ಕನಿಗೆ ಕುರ್ಚಿ ಹಾಕಿದರು. ಮಾವ ಮರೆತ, ಅಕ್ಕ ಎತ್ತಿಕೊಟ್ಟಳು. ಅವಳಿಗೂ ತಿಳಿಯದೇ ಹೋದಾಗ ಅವನು ಸುಮ್ಮನೆ ನಿಂತ, ಜನ ಬಿದ್ದು ಬಿದ್ದು ನಕ್ಕರು. ಮರೆವೇ ಅವನ ಬಂಡವಾಳ, ನಿಜವಾದ ಮರೆವು ಅದರೊಳಗೆ ಹಾಲಿನಲ್ಲಿ ನೀರು ಬೆರೆತಂತೆ ಬೆರೆತುಹೋಯಿತು. ಬೇರೆ ಮಾಡಿ ನೋಡಬಲ್ಲವಳು ಅವಳೊಬ್ಬಳೇ.

ಒಂದು ಬೆಳಗ್ಗೆ ಪ್ರಚಾರದ ಕಚೇರಿಗೆ ಇಸ್ತ್ರಿ ಅಂಗಡಿಯ ಹೆಂಗಸು ಬಂದಳು. ಅವಳ ಗಂಡನಿಗೆ ಮೂತ್ರಪಿಂಡ ಕೈಕೊಟ್ಟಿತ್ತು, ಎರಡು ದಿನಕ್ಕೊಮ್ಮೆ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಆ ಬೀದಿಗೆ ಬರುತ್ತಿದ್ದ ಒಂದೇ ಬಸ್ಸನ್ನು ನಿಲ್ಲಿಸಿಬಿಟ್ಟಿದ್ದರು. ಗಂಡನನ್ನು ಇಸ್ತ್ರಿಯ ತಳ್ಳುಗಾಡಿಯ ಮೇಲೆ ಕೂರಿಸಿಕೊಂಡು, ಇದ್ದಲಿನ ಮಸಿ ಅವನ ಬಟ್ಟೆಗೆ ತಾಗದಂತೆ ಹಳೆಯ ಚಾದರ ಹಾಸಿ, ದೊಡ್ಡ ರಸ್ತೆಯವರೆಗೆ ತಳ್ಳುತ್ತೇನೆ ಎಂದಳು. ಮಾವ ಅವಳ ಎರಡೂ ಕೈ ಹಿಡಿದುಕೊಂಡ. ನಾಳೆಯೇ ಬಸ್ಸಿನ ಆಫೀಸಿಗೆ ನಾನೇ ಬರುತ್ತೇನೆ, ಬರದಿದ್ದರೆ ನನ್ನ ಕಿವಿ ಹಿಂಡು ತಾಯಿ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಅದು ನಟನೆ ಅಲ್ಲ ಎಂದು ಅಕ್ಕ ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲಳು.

ಮಾರನೆಯ ದಿನ ಆ ಹೆಂಗಸು ಬಂದು ಬಾಗಿಲಲ್ಲಿ ನಿಂತರೆ ಮಾವ, ಯಾರಮ್ಮ ನೀವು, ಏನಾಗಬೇಕಿತ್ತು ಎಂದ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಟಿವಿಯಲ್ಲಿ ಮಾಡುವ ಹಾಗೇ ಮಾಡುತ್ತೀರಿ ಎಂದಳು. ಮತ್ತೆ ಎಲ್ಲ ಹೇಳಿದಳು. ಮತ್ತೆ ಅವನ ಕಣ್ಣು ತುಂಬಿತು. ಮತ್ತೆ ನಾಳೆ ಎಂದ. ಅಕ್ಕ ನೆನಪಿಸಿ ಹೊರಡಿಸುವಷ್ಟರಲ್ಲಿ ಫೋನಣ್ಣ ಬಂದು ಅವನನ್ನು ಎಲ್ಲಿಗೋ ಎಳೆದುಕೊಂಡು ಹೋದ. ಮೂರನೆಯ ಸಲವೂ, ಯಾರಮ್ಮ ನೀವು, ಎಂದಾಗ ಅವಳು ನಗಲಿಲ್ಲ. ನಗುವವರ ಮುಖವನ್ನು ಅಕ್ಕ ಎಷ್ಟೋ ನೋಡಿದ್ದಳು, ನಗು ಆರಿಹೋಗುವ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆ ಹೆಂಗಸು ಮೆಟ್ಟಿಲಿಳಿದು ಹೋದಳು.

ಅಂದು ಮನೆಯಲ್ಲಿ ತಮ್ಮ ಹಾಲು ಒಲೆಯ ಮೇಲಿಟ್ಟು, ಅಡುಗೆಮನೆಯ ಕಿಟಕಿಯ ಬಳಿ ನಿಂತು, ಬೀದಿ ನೋಡುತ್ತಿದ್ದ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅಕ್ಕ ಓಡಿ ಬಂದು ಆರಿಸಿದಳು. ಅವನು ಪೆಚ್ಚಾಗಿ ನೋಡಿದ, ಆಮೇಲೆ ಕೈ ಮುಗಿದು, ಮಹಾಪ್ರಭು, ಹಾಲು ಉಕ್ತಾ ಇದೆ ನೋಡೇ, ಎಂದ. ಅಕ್ಕ ಒಲೆ ಒರೆಸುತ್ತಲೇ ಇದ್ದಳು.

"ಬಿಟ್ಟುಬಿಡೋಣ ಕಣೋ ಇದನ್ನೆಲ್ಲ," ಎಂದಳು. "ನಿಂಗೆ ಆಯಾಸ ಆಗ್ತಿದೆ."

ಅವನು ಬಟ್ಟೆ ತೆಗೆದುಕೊಂಡು ಅವಳ ಪಕ್ಕ ತಾನೂ ಒರೆಸತೊಡಗಿದ. "ಚಿಕ್ಕಂದಿನಿಂದ ನಾನು ಬಾಯಿ ತೆಗೆದ್ರೆ ಜನ ನಗ್ತಾರೆ ಅಕ್ಕ. ಹೊಟ್ಟೆನೋವು ಅಂದ್ರೂ ನಗ್ತಾರೆ. ಅಮ್ಮ ಹೋದ ದಿನ ಮನೆ ಮುಂದೆ ನಿಂತು ಅಳ್ತಾ ಇದ್ದೆ, ದಾರೀಲಿ ಹೋಗೋನೊಬ್ಬ ನೋಡಿ ನಕ್ಕೊಂಡು ಹೋದ. ಒಂದೇ ಒಂದ್ಸಲ, ನಾನು ಹೇಳಿದ್ದನ್ನ ಜನ ನಗದೆ ಕೇಳ್ಬೇಕು. ಅಷ್ಟೇ ನಂಗೆ ಆಸೆ." ಒರೆಸುವುದನ್ನು ನಿಲ್ಲಿಸಿ ಅವಳನ್ನು ನೋಡಿದ. "ಮರೆತ್ರೆ ಏನಂತೆ, ನೀನಿದ್ದೀಯಲ್ಲ ಪಕ್ಕದಲ್ಲಿ."

ಹೆತ್ತ ತಾಯಿಯಂತೆ ಸಾಕಿದವಳು ಆ ಮಾತಿಗೆ ಏನು ಹೇಳುತ್ತಾಳೆ? ಇದ್ದೀನಪ್ಪ ಎಂದಳು. ಆದರೆ ಆ ತಳ್ಳುಗಾಡಿ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ. ಇವನು ಗೆದ್ದರೆ ಅಂಥವರು ದಿನವೂ ಬರುತ್ತಾರೆ, ದಿನವೂ ಇವನ ಕಣ್ಣು ತುಂಬುತ್ತದೆ, ದಿನವೂ ಮರೆಯುತ್ತಾನೆ. ಮೊದಲು ನಗುತ್ತಾರೆ, ಆಮೇಲೆ ಶಪಿಸುತ್ತಾರೆ. ಆಡಿದ ಮಾತಿಗೆ ತಪ್ಪದ ಮನುಷ್ಯ ಸುಳ್ಳುಗಾರ ಎನ್ನಿಸಿಕೊಳ್ಳುತ್ತಾನೆ, ಯಾಕೆ ಎಂದು ಅವನಿಗೇ ತಿಳಿಯುವುದಿಲ್ಲ. ಅಕ್ಕನಿಗೆ ಸಂಕಟವಾಗುತ್ತಿದ್ದುದು ಅದಕ್ಕೆ. ತಮ್ಮ ಸೋಲುತ್ತಾನೆ ಎಂದಲ್ಲ, ಗೆದ್ದುಬಿಡುತ್ತಾನೆ ಎಂದು.

ಕೊನೆಯ ಸಭೆ ನಡೆದದ್ದು ಹಳೆಯ ನಾಟಕದ ಮನೆಯಲ್ಲಿ, ಅವರಿಬ್ಬರೂ ಬಣ್ಣದ ಬದುಕು ಶುರುಮಾಡಿದ ಅದೇ ರಂಗದ ಮೇಲೆ. ಜನರ ಪ್ರಶ್ನೆಗೆ ಮಾವನ ಉತ್ತರ ಎಂದು ಫೋನಣ್ಣ ಏರ್ಪಾಡು ಮಾಡಿದ್ದ. ಎಡಗಡೆಯ ಪರದೆ ಬದಲಾಗಿತ್ತು, ಮಣೆ ಮಾತ್ರ ಅದೇ. ಅಕ್ಕ ಕೂತಳು. ರಸ್ತೆ, ನೀರು, ಕಸ ಎಂದು ಪ್ರಶ್ನೆಗಳು ಬಂದವು. ಅವಳು ಎತ್ತಿಕೊಟ್ಟಳು, ಅವನು ಸೊಗಸಾಗಿ ಆಡಿದ. ಚಪ್ಪಾಳೆಗೆ ಮಾಡಿನ ಧೂಳು ಉದುರುತ್ತಿತ್ತು.

ಆಗ ನಡುಸಾಲಿನಲ್ಲಿ ಇಸ್ತ್ರಿಯ ಹೆಂಗಸು ಎದ್ದು ನಿಂತಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಂಗೆ ಬೇರೇನೂ ಬೇಡ ಮಾವ. ನಾನು ಯಾರು ಅಂತ ಹೇಳಿ. ಅಷ್ಟೇ ಸಾಕು."

ಜನ ನಗಲು ಬಾಯಿ ತೆರೆದು ಕಾದರು. ಮಾವ ಸುಮ್ಮನೆ ನಿಂತ. ಅಕ್ಕ ಅವನ ಎಡಗೆನ್ನೆಯನ್ನು ನೋಡಿದಳು. ಆ ಕಣ್ಣು ಎದುರಿಗೇ ಇರಲಿ, ಇದು ಆಟವಾಗಿರಲಿ ಎಂದು ಬೇಡಿಕೊಂಡಳು. ಕಣ್ಣು ಮೆಲ್ಲನೆ ಎಡಕ್ಕೆ ಹೊರಳಿತು. ಇಸ್ತ್ರಿ, ಬಸ್ಸು; ಎರಡೇ ಪದ. ಅಷ್ಟು ಕೊಟ್ಟರೆ ಉಳಿದದ್ದನ್ನು ಅವನು ನೋಡಿಕೊಳ್ಳುತ್ತಿದ್ದ, ಜನ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು, ಗೆಲುವು ಕೈಗೆ ಬಂದ ಹಾಗೆಯೇ. ಪದಗಳು ಅಕ್ಕನ ನಾಲಿಗೆಯ ತುದಿಗೆ ಬಂದಿದ್ದವು. ಆದರೆ ತಮ್ಮನ ಕಣ್ಣಲ್ಲಿ ಅವಳು ಕಂಡದ್ದು ಮಾತಿಗಾಗಿ ಕಾಯುವ ನಟನನ್ನಲ್ಲ. ಸಂತೆಯಲ್ಲಿ ಕೈತಪ್ಪಿ ನಿಂತ ಮಗುವನ್ನು. ತನಗೇ ತಿಳಿಯದಂತೆ ಅವಳ ತುಟಿ ಆಡಿತು. ಎಡಗಡೆಯಿಂದ ಬಂದದ್ದನ್ನು ಅವನು ಎಂದಿನಂತೆ ಹಿಡಿದುಕೊಂಡು, ಎದೆ ಉಬ್ಬಿಸಿ, ತುಂಬಿದ ಸಭೆಗೆ ಹೇಳಿದ:

"ಸಾಕು ಕಣೋ. ಬಾ, ಮನೆಗೆ ಹೋಗೋಣ."

ನಾಟಕದ ಮನೆ ಹಾರಿಹೋಗುವಂತೆ ಜನ ನಕ್ಕರು. ಮಾವನೂ ಅಭ್ಯಾಸಬಲದಿಂದ ಮುಗುಳ್ನಕ್ಕ. ಆಮೇಲೆ ನಿಂತಲ್ಲೇ ಆ ಮಾತು ಅವನೊಳಗೆ ಇಳಿಯಿತು. ತಿಂಗಳು ಮರೆತಿತ್ತು, ದಾರಿ ಮರೆತಿತ್ತು, ಆದರೆ ಒಂದು ಸಂಗತಿ ಮರೆತಿರಲಿಲ್ಲ: ಹಾಲು ಉಕ್ಕಿದ ದಿನದಿಂದ ಅಕ್ಕ ಆ ಮಣೆಯ ಮೇಲೆ ಕೂತು ಸ್ವಂತ ಮಾತು ಆಡಿರಲಿಲ್ಲ. ಅವನು ಮೈಕಿನತ್ತ ಬಾಗಿದ. ಅದು ನನ್ನ ಮಾತಲ್ಲ, ನಮ್ಮಕ್ಕನದು ಎಂದ. ಜನ ನಕ್ಕರು. ಈ ತಾಯಿ ಯಾರು ಅಂತ ನನಗೆ ಗೊತ್ತಿಲ್ಲ ಎಂದ. ಇನ್ನೂ ನಕ್ಕರು. ನಿಜವಾಗಲೂ ಗೊತ್ತಿಲ್ಲ ಎಂದಾಗ ಅವನ ದನಿ ಒಡೆಯಿತು, ಜನ ಹೊಟ್ಟೆ ಹಿಡಿದುಕೊಂಡರು. ಅಯ್ಯೋ ಜನವೇ, ಅಳುವವನ ಮುಂದೆ ನಗುವುದನ್ನು ನಿಮಗೆ ಯಾರು ಕಲಿಸಿದರು? ಅವನೇ ಕಲಿಸಿದ್ದ, ಪಾಪ.

ಅಕ್ಕ ಮಣೆ ಬಿಟ್ಟು ಎದ್ದಳು. ಪರದೆ ಸರಿಸಿ, ಇಡೀ ಜನ್ಮದಲ್ಲಿ ಕಾಲಿಡದ ಕಡೆ, ಬೆಳಕಿಗೆ ಬಂದಳು. ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕಾಲಲ್ಲಿ ಮನೆಯ ಚಪ್ಪಲಿ. ಇದೂ ಆಟದ ಭಾಗ ಎಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ಅವಳು ತಮ್ಮನ ಕೈ ಹಿಡಿದುಕೊಂಡಳು. ದೊಡ್ಡ ದನಿಯಲ್ಲಿ ಮಾತಾಡಿ ಅವಳಿಗೆ ರೂಢಿಯೇ ಇರಲಿಲ್ಲ. ಮೈಕಿನ ಮುಂದೆಯೂ ಪಿಸುದನಿಯೇ ಬಂತು.

"ಇದು ನಟನೆ ಅಲ್ಲ. ಇವನಿಗೆ ಮರೆವಿನ ಕಾಯಿಲೆ ಬಂದಿದೆ. ಈ ನಮ್ಮಮ್ಮ ಇಸ್ತ್ರಿ ಅಂಗಡಿಯವರು, ಇವರ ಯಜಮಾನರಿಗೆ ಆಸ್ಪತ್ರೆಗೆ ಹೋಗಕ್ಕೆ ಬಸ್ಸು ಬೇಕು. ಮೂರು ಸಲ ಬಂದ್ರು. ಮೂರು ಸಲಾನೂ ಇವನು ಮನಸಾರೆ ಒಪ್ಕೊಂಡ, ಮೂರು ಸಲಾನೂ ಮರೆತ. ಇವನು ಸುಳ್ಳ ಅಲ್ಲ. ದಯವಿಟ್ಟು ಇವನನ್ನ ಸುಳ್ಳ ಅನ್ನಬೇಡಿ. ಓಟೂ ಹಾಕ್ಬೇಡಿ."

ಆ ಪಿಸುದನಿ ಕೊನೆಯ ಸಾಲಿನ ತನಕ ಹೋಯಿತು. ನಗು ಒಂದೊಂದೇ ಸಾಲಿನಲ್ಲಿ ಆರುತ್ತಾ ಬಂದು, ಕೊನೆಗೆ ಫ್ಯಾನು ತಿರುಗುವ ಸದ್ದು ಮಾತ್ರ ಉಳಿಯಿತು. ಇಸ್ತ್ರಿಯ ಹೆಂಗಸು ಮೈಕು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಮಾವ ಆ ಮೌನವನ್ನು ಸಾಲಿನಿಂದ ಸಾಲಿಗೆ ನೋಡಿದ. ಅಕ್ಕನ ಕಿವಿಯ ಬಳಿ ಬಾಗಿ, ಈ ಸಲ ಅವನೇ ಪಿಸುಗುಟ್ಟಿದ.

"ನೋಡಕ್ಕ, ಯಾರೂ ನಗ್ತಿಲ್ಲ."

ಮಾರನೆಯ ದಿನದಿಂದ ಫೋನಣ್ಣ ಫೋನು ಎತ್ತಲಿಲ್ಲ. ಮಾವನ ಹೆಸರನ್ನು ತೆಗೆಸಲು ಕಾಲ ಮೀರಿತ್ತು. ಮತಗಟ್ಟೆಗಳಲ್ಲಿ, ಹಣೆಗೇರಿಸಿದ ಕನ್ನಡಕದ ಫೋಟೋ ಸಮೇತ, ಅದು ಇದ್ದೇ ಇತ್ತು. ಕ್ಷೌರದಂಗಡಿಯವನು ಇನ್ನೂ ಪಟ್ಟು ಬಿಟ್ಟಿರಲಿಲ್ಲ. ಉಳಿದವರು ನೆನಪಿದ್ದೂ ಮರೆಯುತ್ತಾರೆ, ಇವನು ಮರೆತು ಒಪ್ಪಿಕೊಂಡಿದ್ದಾನೆ, ನನ್ನ ಓಟು ಮಾವನಿಗೇ ಎಂದು ಕತ್ತಿ ಝಳಪಿಸಿದ. ಅವನಂಥವರು ಸಾವಿರಾರು ಮಂದಿ ಇದ್ದರು ಎಂದು ಆಮೇಲೆ ಎಣಿಕೆಯಲ್ಲಿ ತಿಳಿಯಿತು. ಆದರೂ ಮಾವ ಸೋತ. ಒಣಕಲು ಮೇಷ್ಟ್ರು ಗೆದ್ದರು. ಅಕ್ಕ ಅದಕ್ಕೂ ಮೊದಲೇ ಇಸ್ತ್ರಿಯ ಹೆಂಗಸನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೋಗಿ ಬಂದಿದ್ದಳು. ಅವರು ಒಂದು ನಗೆಮಾತೂ ಆಡದೆ, ಚಪ್ಪಲಿ ಮೆಟ್ಟಿಕೊಂಡು, ನಡೀರಿ ಬಸ್ಸಿನ ಆಫೀಸಿಗೆ ಎಂದಿದ್ದರು. ಈಗ ಆ ಬೀದಿಗೆ ಬೆಳಗ್ಗೆ ಒಂದು ಬಸ್ಸು ಬರುತ್ತದೆ.

ಆದರೆ ನಾನು ಹೇಳಬೇಕೆಂದಿದ್ದು ಓಟಿನ ದಿನದ ಮಾತು.

ಶಾಲೆಯ ವರಾಂಡದಲ್ಲಿ ಉದ್ದನೆಯ ಸಾಲು. ಅಕ್ಕ ತಮ್ಮ ಇಬ್ಬರೂ ಜೊತೆಗೇ ಹೋಗಿ ನಿಂತರು. ಜನ ಮಾವನನ್ನು ಕಂಡು ದಾರಿ ಬಿಟ್ಟರು, ಯಾರೂ ಹೆಚ್ಚು ಮಾತಾಡಿಸಲಿಲ್ಲ. ನಗಬೇಕೋ ಬೇಡವೋ ಎಂದು ತಿಳಿಯದೆ ನೆಲ ನೋಡಿದರು. ಅದು ಅಕ್ಕನಿಗೆ ನಗುವುದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಒಳಗೆ ಅವನ ಬೆರಳಿಗೆ ಶಾಯಿ ಹಚ್ಚಿದರು. ಮೂಲೆಯಲ್ಲಿ ರಟ್ಟಿನ ಮರೆ, ಅದರ ಹಿಂದೆ ಯಂತ್ರ. ಅಕ್ಕ ಅವನ ಹಿಂದೆಯೇ ಹೆಜ್ಜೆ ಇಟ್ಟಾಗ ಅಧಿಕಾರಿಣಿ ಕೈ ಅಡ್ಡ ಹಿಡಿದಳು. ಒಬ್ಬರೇ ಹೋಗಬೇಕು, ಯಾರೂ ಏನೂ ಹೇಳಿಕೊಡುವ ಹಾಗಿಲ್ಲ ಎಂದಳು, ಮೃದುವಾಗಿಯೇ.

ಮಾವ ಮರೆಯ ಮುಂದೆ ನಿಂತ. ಬೆರಳು ಮೇಲೆತ್ತಿದ, ಅಲ್ಲೇ ಹಿಡಿದ. ಆಮೇಲೆ ಮೆಲ್ಲನೆ ಎಡಕ್ಕೆ ತಿರುಗಿ ನೋಡಿದ. ಅಕ್ಕ ಅಲ್ಲೇ ಇದ್ದಳು, ಎಂದಿನ ದೂರದಲ್ಲೇ. ಅಷ್ಟು ವರ್ಷ ರಂಗದ ಮೇಲಿಂದ ಆ ಕಣ್ಣು ಬಂದಾಗ, ಉತ್ತರ ಗೊತ್ತಿದ್ದೂ ಅವಳು ಒಮ್ಮೆಯೂ ಬರಿಗೈಯಲ್ಲಿ ಕಳಿಸಿರಲಿಲ್ಲ. ಈಗ ತುಟಿ ಕಚ್ಚಿಕೊಂಡು ನಿಂತಳು. ಏನೂ ಕೊಡಲಾಗದೆ ಅವಳ ಕಣ್ಣಲ್ಲಿ ನೀರು ಬಂತು. ಅವನು ಅವಳ ಮುಖವನ್ನೇ ನೋಡಿದ, ಏನೋ ಅರ್ಥವಾದವನಂತೆ ತಲೆಯಾಡಿಸಿ, ಮರೆಯೊಳಗೆ ಬಾಗಿದ. ಯಂತ್ರ ಕುಂಯ್ ಎಂದಿತು.

ಅಕ್ಕನ ಸರದಿ ಬಂತು. ರಟ್ಟಿನ ಹಿಂದೆ ತಮ್ಮನ ಫೋಟೋ, ಎದುರಿನಿಂದ ತೆಗೆದದ್ದು. ಬೆರಳು ತಾನಾಗಿ ಅದರ ಕಡೆಗೇ ಹೋಯಿತು. ಆ ಫೋಟೋವನ್ನು ಒಮ್ಮೆ ಸವರಿ, ಬೆರಳನ್ನು ಕೆಳಗಿಳಿಸಿ, ಮೇಷ್ಟ್ರ ಹೆಸರಿನ ಮುಂದೆ ಒತ್ತಿದಳು. ತಮ್ಮನ ಮೇಲೆ ಅವಳಿಗಿದ್ದ ಪ್ರೀತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾರ ಬಳಿಯೂ ಇರಲಿಲ್ಲ, ಮತ್ತು ಅದನ್ನು ಯಾರಿಗೂ ತೋರಿಸುವಂತೆಯೂ ಇರಲಿಲ್ಲ.

ಹೊರಗೆ ಸಾಲು ಇನ್ನೂ ಉದ್ದವಾಗಿತ್ತು. ಅವನು ಮೆಟ್ಟಿಲ ಮೇಲೆ ಅವಳಿಗಾಗಿ ಕಾಯುತ್ತಿದ್ದ. ಅಕ್ಕ ಹೋಗಿ ಅವನ ಎಡಕ್ಕೆ ನಿಂತಳು, ಅದು ರೂಢಿ. ಒತ್ತಿದೆಯೇನೋ, ಯಾರಿಗೆ ಒತ್ತಿದೆ ಎಂದು ಕೇಳಿದಳು. ಕೇಳಬಾರದು ಎಂದು ಗೊತ್ತಿದ್ದೂ, ಅವನಿಗೆ ಏನಾದರೂ ನೆನಪಿದೆಯೋ ಇಲ್ಲವೋ ಎಂಬ ಭಯಕ್ಕೆ ಕೇಳಿದಳು.

ಅವನು ಬಾಯಿ ತೆರೆದ, ನಿಲ್ಲಿಸಿದ. ಮೌನ ಬೆಳೆಯಿತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಲೆಯೆತ್ತಿ ನೋಡಿದರು. ಅಕ್ಕ ಆ ಎಡಗೆನ್ನೆಯನ್ನೇ ನೋಡಿದಳು, ಕಣ್ಣು ಈಗ ಹೊರಳುತ್ತದೆ, ಈಗ ಹೊರಳುತ್ತದೆ ಎಂದು. ಅದು ಹೊರಳಲಿಲ್ಲ. ನೆಟ್ಟಗೆ ಎದುರಿಗೆ, ಜನರ ಮೇಲೆಯೇ ಇತ್ತು, ತುದಿಯಲ್ಲಿ ಒಂದಿಷ್ಟು ತುಂಟತನ ಇಟ್ಟುಕೊಂಡು. ಎಷ್ಟು ಹೊತ್ತು ಎಳೆಯಬೇಕೋ ಅಷ್ಟು ಹೊತ್ತು ಎಳೆದು, ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗದಂತೆ, ಅವನು ಹೇಳಿದ:

"ಮರೆತೇ ಹೋಯ್ತು ಅಕ್ಕ."

ಅಕ್ಕ ನಕ್ಕಳು. ಅಷ್ಟು ವರ್ಷ ಪುಟದ ಮೇಲೆ ಕಣ್ಣಿಟ್ಟು ಒಳಗೇ ಒತ್ತಿಟ್ಟಿದ್ದೆಲ್ಲ ಹಾಲು ಉಕ್ಕಿದ ಹಾಗೆ ಉಕ್ಕಿ ಬಂತು. ಗೋಡೆಗೆ ಕೈ ಊರಿ, ಕಣ್ಣಲ್ಲಿ ನೀರು ಸುರಿಸುತ್ತಾ, ಗೊರಗೊರ ಸದ್ದು ಮಾಡುತ್ತಾ ನಕ್ಕಳು. ಅದನ್ನು ನೋಡಿ ಸಾಲಿಗೆ ಸಾಲೇ ನಕ್ಕಿತು. ಮಾವ ಮಾತ್ರ ನಗಲಿಲ್ಲ. ಅವನು ಅವಳ ಕಡೆ ಪೂರ್ತಿ ತಿರುಗಿ, ಅವಳ ಮುಖವನ್ನು ಎದುರಿನಿಂದ ನೋಡುತ್ತಾ ಬೆರಗಾಗಿ ನಿಂತಿದ್ದ.

"ನೀನು ನಗ್ತೀಯಾ ಅಕ್ಕ?" ಎಂದ.